ಐಸಿನ ತೊಟ್ಟಿಯಲ್ಲಿ ಆಡಿನ ಮೆದುಳು

ಪ್ರಾಯ ಎಪ್ಪತ್ತು ದಾಟಿದ ಗಂಡಸಿಗೆ ಮನೆಯಲ್ಲಿ ಉಳಿಯುವ ಹುದ್ದೆ ತರಕಾರಿ ಹೆಚ್ಚುವುದು. ನಿನ್ನೆ ನನ್ನ ಮುಂದೆ ಬಂದದ್ದು ಬಾಳೆದಿಂಡು. ಬಿಲ್ಲೆ ಬಿಲ್ಲೆಯಾಗಿ ಕೊಯ್ದಂತೆ ಅದರಿಂದ ನೂಲು ಏಳುತ್ತದೆ. ತೋರುಬೆರಳಿಗೆ ಸುತ್ತಿ ತೆಗೆಯದಿದ್ದರೆ ಪಲ್ಯ ತಿಂದವರ ಹಲ್ಲಿನ ಸಂದಿಯಲ್ಲಿ ಸಂಜೆಯವರೆಗೂ ಕೂರುತ್ತದೆ. ಒಂದು ಮಾತು ಹೇಳಿಬಿಡುತ್ತೇನೆ, ನಿಮ್ಮ ಉಪಯೋಗಕ್ಕೆ ಬಂದೀತು: ಆ ನೂಲನ್ನು ಎಳೆಯಬಾರದು. ಎಳೆದರೆ ತುಂಡಾಗಿ ಒಳಗೇ ಉಳಿಯುತ್ತದೆ. ಅದು ಹೋಗುವ ದಿಕ್ಕಿಗೇ ಬೆರಳನ್ನು ಒಯ್ದು ಮೆಲ್ಲ ಸುತ್ತಬೇಕು. ಇದನ್ನು ನನ್ನ ತಾಯಿಯಿಂದ ಕಲಿತೆನೆಂದು ನೀವು ತಿಳಿಯಬಹುದು. ಇಲ್ಲ. ಮೂಡುಬಿದಿರೆಯ ಒಬ್ಬ ಡಾಕ್ಟರಿಂದ ಕಲಿತೆ, ಅದೂ ಆಡಿನ ಮೆದುಳಿನ ಮೇಲೆ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಬಂಟ್ವಾಳ ಪೇಟೆಯಲ್ಲಿ ನನ್ನದೊಂದು ಐಸ್‌ಕ್ಯಾಂಡಿಯ ಕಾರ್ಖಾನೆ ಇತ್ತು. ಕಾರ್ಖಾನೆ ಎಂಬುದು ದೊಡ್ಡ ಮಾತು. ಒಂದು ಹಳೆಯ ಗೋದಾಮು, ಒಂದು ಯಂತ್ರ, ಉಪ್ಪುನೀರಿನ ಎರಡು ತೊಟ್ಟಿ. ಒಂದರಲ್ಲಿ ಕ್ಯಾಂಡಿ, ಇನ್ನೊಂದರಲ್ಲಿ ಮೀನಿನವರಿಗೆ ಬೇಕಾದ ಐಸಿನ ಗಟ್ಟಿ. ಸೈಕಲ್ಲಿನ ಹಿಂದೆ ಪೆಟ್ಟಿಗೆ ಕಟ್ಟಿ ಶಾಲೆಯ ಗೇಟಿನಲ್ಲಿ ಗಂಟೆ ಬಾರಿಸುತ್ತಿದ್ದವನು ಯಂತ್ರದ ಯಜಮಾನನಾದದ್ದು ಹೇಗೆ ಎಂದು ಕೇಳಿದರೆ ಒಂದೇ ಉತ್ತರ: ಚೌಕಾಸಿ. ನಿಮಗೆ ಬೇಕಾದ ವಸ್ತುವಿನ ಬೆಲೆಯನ್ನು ಮೊದಲು ಕೇಳಬೇಡಿ. ಅದರ ಪಕ್ಕದ್ದನ್ನು ಕೇಳಿ, ಮುಖ ಸೊಟ್ಟ ಮಾಡಿ, ಅಂಗಡಿಯ ಮೆಟ್ಟಿಲು ಇಳಿಯುವಾಗ ಬೇಕಾದ್ದರ ಕಡೆ ಸುಮ್ಮನೆ ಬೆರಳು ತೋರಿಸಿ. ನನ್ನ ಮದುವೆಯ ಮಾತುಕತೆಯೂ ಹೀಗೇ ಆಯಿತೆಂದು ಹೆಂಡತಿಯ ಆರೋಪ ಉಂಟು. ಅದು ಬೇರೆ ಕತೆ.

ಕ್ಯಾಂಡಿಯ ವ್ಯಾಪಾರದಲ್ಲಿ ಶತ್ರು ಒಬ್ಬನೇ, ಸೂರ್ಯ. ಬಂಟ್ವಾಳದಿಂದ ಬೆಳ್ತಂಗಡಿಗೆ, ಅಲ್ಲಿಂದ ಮುಂದೆ ಕಕ್ಕಿಂಜೆಯವರೆಗೆ ನನ್ನ ಪೆಟ್ಟಿಗೆಗಳು ಖಾಸಗಿ ಬಸ್ಸಿನಲ್ಲಿ ಹೋಗುತ್ತಿದ್ದವು. ಅವು ಕ್ಯಾಂಡಿಯಾಗಿ ಹೊರಟು ಕ್ಯಾಂಡಿಯಾಗಿಯೇ ತಲುಪುತ್ತಿದ್ದರೆ ಅದಕ್ಕೆ ಕಾರಣ ಕಂಡಕ್ಟರ್ ದೂಮಪ್ಪ. ಪೆಟ್ಟಿಗೆಯನ್ನು ಟಾಪಿಗೆ ಹಾಕದೆ ಡ್ರೈವರನ ಹಿಂದಿನ ನೆರಳಿನಲ್ಲಿಟ್ಟು, ಮೇಲೆ ಒದ್ದೆ ಗೋಣಿ ಮುಚ್ಚಿ, ಇಳಿಸುವಲ್ಲಿ ತಾನೇ ಇಳಿಸುತ್ತಿದ್ದ. ತುಂಬಿದ ಬಸ್ಸಿನಲ್ಲಿ, ಪುಂಜಾಲಕಟ್ಟೆಯ ತಿರುವುಗಳಲ್ಲಿ, ಎಲ್ಲಿಯೂ ಕೈ ಹಿಡಿಯದೆ ಟಿಕೆಟ್ ಹರಿಯುತ್ತ ಹಿಂದಿನಿಂದ ಮುಂದಕ್ಕೆ ಬರುವ ಅವನ ನಡಿಗೆಯನ್ನು ನೋಡಲಿಕ್ಕೆಂದೇ ನಾನು ಕೆಲವು ಸಲ ಆ ಬಸ್ಸು ಹತ್ತಿದ್ದುಂಟು.

ಆ ನಡಿಗೆಯೇ ಕೆಟ್ಟಿತು. ಒಂದು ಬೆಳಿಗ್ಗೆ ಹಾಸಿಗೆಯಿಂದ ಎದ್ದವನಿಗೆ ಮನೆಯೇ ತಿರುಗಿದ ಹಾಗಾಗಿ ವಾಂತಿಯಾಯಿತಂತೆ. ಪಿತ್ತ ಎಂದುಕೊಂಡು ಶುಂಠಿ ಕಷಾಯ ಕುಡಿದು ನಾಲ್ಕು ದಿನ ಮಲಗಿದ. ತಿರುಗುವುದು ನಿಂತಿತು, ಆದರೆ ನಡೆಯುವಾಗ ವಾಲಾಟ ಉಳಿಯಿತು. ಬಸ್ಸಿನೊಳಗೆ ಎಲ್ಲರೂ ವಾಲುತ್ತಾರೆ, ಅಲ್ಲಿ ತಿಳಿಯಲಿಲ್ಲ. ಇಳಿದು ಸ್ಟ್ಯಾಂಡಿನ ನೆಲದ ಮೇಲೆ ನಡೆದಾಗ ಊರು ನೋಡಿತು. ದೂಮಪ್ಪನ ಮನೆತನ ತಾಳೆಮರದಿಂದ ಕಳ್ಳು ಇಳಿಸುವವರದು. ಇನ್ನೇನು ಬೇಕು? ಮಧ್ಯಾಹ್ನಕ್ಕೇ ಹಾಕುತ್ತಾನೆ ಎಂದು ಒಬ್ಬ, ಬೆಳಿಗ್ಗೆಯೇ ಹಾಕುತ್ತಾನೆ ಎಂದು ಇನ್ನೊಬ್ಬ.

ಬಸ್ಸಿನ ಯಜಮಾನರು ಮೂಡುಬಿದಿರೆಯ ಜೈನರು, ನೇಮಿರಾಜ ಧನಿಗಳು. ಕತ್ತಲಾದ ಮೇಲೆ ನೀರನ್ನು ಕೂಡ ಯೋಚಿಸಿ ಕುಡಿಯುವ ಮನುಷ್ಯ. ಮದ್ಯದ ವಿಷಯದಲ್ಲಿ ಅವರ ಬಳಿ ಎರಡನೆಯ ಮಾತಿಲ್ಲ. ದೂರು ಅವರ ಕಿವಿಗೆ ಬಿತ್ತು, ಅವರೇ ಬಂಟ್ವಾಳಕ್ಕೆ ಬಂದರು, ದೂಮಪ್ಪ ವಾಲುವುದನ್ನು ಕಣ್ಣಾರೆ ಕಂಡರು. ತುಂಬಿದ ಸ್ಟ್ಯಾಂಡಿನಲ್ಲಿ ಅವನ ಚರ್ಮದ ಚೀಲವನ್ನು ಹೆಗಲಿನಿಂದ ತೆಗೆಸಿ, ಕುಡುಕರಿಗೆ ನನ್ನ ಬಸ್ಸಿನಲ್ಲಿ ಜಾಗವಿಲ್ಲ ಎಂದು ಹೇಳಿ ಇಳಿಸಿದರು.

ನನಗೆ ಸತ್ಯ ಗೊತ್ತಿತ್ತು. ಕ್ಯಾಂಡಿಗೆ ಎಸೆನ್ಸ್ ಬೆರೆಸುವವನ ಮೂಗು ನನ್ನದು, ದೂಮಪ್ಪನ ಬಾಯಿಯಲ್ಲಿ ವೀಳ್ಯದೆಲೆ ಬಿಟ್ಟು ಬೇರೆ ವಾಸನೆ ಇರಲಿಲ್ಲ. ಜೊತೆಗೆ ನನ್ನ ಸ್ವಾರ್ಥವೂ ಇತ್ತು, ಮುಚ್ಚಿಡುವುದಿಲ್ಲ. ಹೊಸ ಕಂಡಕ್ಟರ್ ಪೆಟ್ಟಿಗೆಗಳನ್ನು ಟಾಪಿಗೆ ಹಾಕಿಸಿದ. ಕಕ್ಕಿಂಜೆಯ ಅಂಗಡಿಯವನಿಗೆ ಮುಟ್ಟಿದ್ದು ಬಣ್ಣದ ನೀರು ಮತ್ತು ಕಡ್ಡಿಗಳು.

ನಮ್ಮ ಕಡೆ ಇಂಥದ್ದಕ್ಕೆ ಒಂದು ದಾರಿ ಉಂಟು. ದೈವದ ಎದುರು ನಿಂತು ಆಣೆ ಮಾಡುವುದು. ಕುಡಿದಿಲ್ಲ ಎಂದು ಅಲ್ಲಿ ಹೇಳಿದರೆ ಮುಗಿಯಿತು, ಅದರ ಮೇಲೆ ಕೋರ್ಟಿಲ್ಲ. ಧನಿಗಳೂ ಒಪ್ಪುತ್ತಾರೆ, ನಾನು ವಿಚಾರಿಸಿಕೊಂಡಿದ್ದೆ. ಸಂಭ್ರಮದಲ್ಲಿ ದೂಮಪ್ಪನ ಮನೆಗೆ ಹೋದೆ. ಅವನು ಜಗಲಿಯ ಕಂಬಕ್ಕೆ ಒರಗಿ ಕೂತು ನನ್ನ ಮಾತೆಲ್ಲ ಕೇಳಿದ. ಆಮೇಲೆ ತಲೆ ಆಡಿಸಿದ. ನಾವು ಆಡಿದ್ದು ತುಳುವಿನಲ್ಲಿ. ನಿಮಗಾಗಿ ಕನ್ನಡಕ್ಕೆ ತಂದಿದ್ದೇನೆ.

"ಅದು ಆಗ್ಲಿಕ್ಕಿಲ್ಲ. ವರ್ಷಕ್ಕೊಮ್ಮೆ ದೈವಕ್ಕೆ ಬಡಿಸಿದ ಕಳ್ಳನ್ನು ಪ್ರಸಾದ ಅಂತ ಅಂಗೈಯಲ್ಲಿ ತೆಕ್ಕೊಳ್ತೇನೆ ಅಲ್ವಾ? ಕುಡಿದಿಲ್ಲ ಅಂತ ಅದೇ ದೈವದ ಎದುರು ಹೇಗೆ ಹೇಳುವುದು?"

"ಮಾರಾಯ, ಅದು ಪ್ರಸಾದ. ಪ್ರಸಾದ ಬಿಟ್ಟು ಬೇರೆ ಕುಡಿದಿಲ್ಲ ಅಂತ ಹೇಳಿದರೆ ಆಯ್ತು."

"ಆಣೆಗೆ ಬಾಲ ಕಟ್ಟಿದರೆ ಅದು ಆಣೆಯಾ? ನೀವು ಅಲ್ಲಿಯೂ ಚೌಕಾಸಿ ಮಾಡ್ತೀರಿ."

ನಾನು ಸೋತು ಎದ್ದೆ. ಇಷ್ಟು ಪ್ರಾಮಾಣಿಕನಾದ ಮನುಷ್ಯನನ್ನು ಕುಡುಕ ಎಂದು ಊರು ನಂಬಿತ್ತು, ಮತ್ತು ಅವನ ಪ್ರಾಮಾಣಿಕತೆಯೇ ಅದನ್ನು ಅಳಿಸಲು ಬಿಡುತ್ತಿರಲಿಲ್ಲ.

ಉಳಿದದ್ದು ಡಾಕ್ಟರು. ಮೂಡುಬಿದಿರೆಯಲ್ಲಿ ಆಗ ಒಬ್ಬ ಲೋಬೊ ಡಾಕ್ಟರು ಇದ್ದರು. ದೂರದ ಮೆಡಿಕಲ್ ಕಾಲೇಜಿನಲ್ಲಿ ಶರೀರ ಬಿಡಿಸಿ ಪಾಠ ಹೇಳುತ್ತಿದ್ದವರು, ನಿವೃತ್ತರಾಗಿ ಬಂದು ಮನೆಯ ಮುಂದಿನ ಕೋಣೆಯಲ್ಲಿ ದವಾಖಾನೆ ಇಟ್ಟಿದ್ದರು. ಅವರು ದೂಮಪ್ಪನಿಗೆ ಕಣ್ಣುಮುಚ್ಚಿ ಮೂಗು ಮುಟ್ಟಲು ಹೇಳಿದರು. ಬಲಗೈ ಮೂಗಿಗೆ ಹೋಯಿತು, ಎಡಗೈ ಕೆನ್ನೆಗೆ ಹೋಯಿತು. ಮಲಗಿಸಿ, ಒಂದು ಕಾಲಿನ ಹಿಮ್ಮಡಿಯನ್ನು ಇನ್ನೊಂದರ ಮೊಣಕಾಲಿನಿಂದ ಕೆಳಕ್ಕೆ ಜಾರಿಸಲು ಹೇಳಿದರು; ಬಲಗಾಲು ರೈಲಿನ ಹಾಗೆ ನೆಟ್ಟಗೆ ಹೋಯಿತು, ಎಡಗಾಲು ಹಳಿ ತಪ್ಪಿತು. ಅಂಗಳದಲ್ಲಿ ನಡೆಸಿದರು. ಎಲ್ಲ ಆದ ಮೇಲೆ ನನ್ನನ್ನು ಕೇಳಿದರು: "ಕುಡಿದವನು ಹೇಗೆ ವಾಲ್ತಾನೆ ಅಂತ ನೋಡಿದ್ದೀರಾ, ಕ್ಯಾಂಡಿಯವರೇ?"

ನೋಡದೆ? ನನ್ನ ಗೋದಾಮಿನ ಎದುರೇ ಸಾರಾಯಿ ಅಂಗಡಿ.

"ಅವನು ಎರಡೂ ಬದಿಗೆ ವಾಲ್ತಾನೆ. ಇವನು ಒಂದೇ ಬದಿಗೆ, ಎಡಕ್ಕೆ ಮಾತ್ರ."

ಆಮೇಲೆ ವಿವರಿಸಿದರು. ತಲೆಯ ಹಿಂದೆ, ಕೆಳಗೆ, ಒಂದು ಕಿರುಮೆದುಳು ಉಂಟು, ನಡಿಗೆಯ ಹದ ನೋಡಿಕೊಳ್ಳುವುದು ಅದು. ಕಾಲು ಎಲ್ಲಿದೆ, ನೆಲ ಎಲ್ಲಿದೆ ಎಂಬ ಸುದ್ದಿ ಬೆನ್ನಹುರಿಯಿಂದ ಮೆದುಳಿನ ಕಾಂಡಕ್ಕೆ ಬಂದು, ಅಲ್ಲಿಂದ ಸಪೂರ ನೂಲಿನ ಕಟ್ಟುಗಳಲ್ಲಿ ಕಿರುಮೆದುಳಿಗೆ ಹೋಗುತ್ತದೆ. ದೂಮಪ್ಪನ ಎಡಬದಿಯ ಆ ಕಟ್ಟಿನಲ್ಲಿ ಎಲ್ಲೋ ರಕ್ತ ನಿಂತು ನೂಲು ಒಣಗಿರಬೇಕು. ಕಾಲು ಕಳಿಸಿದ ಸುದ್ದಿ ತಲುಪುತ್ತಿಲ್ಲ.

ಒಂದು ಕಾಗದದಲ್ಲಿ ಹೀಗೆಂದು ಬರೆದುಕೊಡಿ ಎಂದೆ. ಬರೆದುಕೊಡುತ್ತೇನೆ, ಆದರೆ ಕಾಗದವನ್ನು ನಿಮ್ಮ ಧನಿ ನಂಬುತ್ತಾರಾ ಎಂದು ಕೇಳಿದರು. ನಂಬಲಿಕ್ಕಿಲ್ಲ. ಡಾಕ್ಟರ ಕಾಗದ ಸಿಗುವುದು ಎಷ್ಟು ಸುಲಭ ಎಂದು ರಜೆ ಕೊಟ್ಟು ಕೊಟ್ಟು ಅವರಿಗೆ ಗೊತ್ತಿತ್ತು. ಆ ದಾರಿಯನ್ನು ಕಣ್ಣಿಗೆ ತೋರಿಸಲು ಆಗುತ್ತದಾ ಎಂದೆ. ಲೋಬೊ ಡಾಕ್ಟರ ಮುಖ ದೀಪ ಹಚ್ಚಿದ ಹಾಗಾಯಿತು. ವ್ಯಾಪಾರಿಗೆ ಇಂಥ ಮುಖ ಕಂಡರೆ ಸಾಕು, ಎದುರಿನವನಿಗೆ ಏನೋ ಬೇಕಾಗಿದೆ ಎಂದು ತಿಳಿಯುತ್ತದೆ.

ಅವರಿಗೆ ಬೇಕಾದದ್ದು ನನ್ನ ತೊಟ್ಟಿ. ಸಂಗತಿ ಹೀಗೆ: ಮೆದುಳನ್ನು ಔಷಧದಲ್ಲಿ ಗಟ್ಟಿ ಮಾಡಿ, ಚೆನ್ನಾಗಿ ಹೆಪ್ಪುಗಟ್ಟಿಸಿ, ಮತ್ತೆ ಕರಗಿಸಿದರೆ ಐಸು ನೂಲುಗಳ ನಡುವೆ ಸೇರಿ ಅವನ್ನು ಸಡಿಲ ಮಾಡುತ್ತದೆ. ಆಗ ಕಡ್ಡಿಯಿಂದ ಒಂದೊಂದೇ ಎಳೆಯನ್ನು ಅದು ಹೋಗುವಲ್ಲಿಯವರೆಗೆ ಬಿಡಿಸಿಕೊಂಡು ಹೋಗಬಹುದು. ಕಾಂಡದಿಂದ ಕಿರುಮೆದುಳಿನವರೆಗೆ ಒಂದು ಸಲವಾದರೂ ತುಂಡಾಗದೆ ಬಿಡಿಸಬೇಕೆಂದು ಅವರ ಬಹುಕಾಲದ ಆಸೆ. ಮನೆಯ ಫ್ರಿಜ್ಜಿನಲ್ಲಿ ಪ್ರಯತ್ನಿಸಿದ್ದರಂತೆ. ಅದರ ತಂಪು ಸಾಲಲಿಲ್ಲ, ಹೆಂಡತಿಯ ತಾಳ್ಮೆಯೂ ಸಾಲಲಿಲ್ಲ. ಮನುಷ್ಯರದ್ದು ಬೇಡ, ಆಡಿನದ್ದು ಸಾಕು, ದಾರಿ ಅದೇ ಎಂದರು. ನನ್ನ ತೊಟ್ಟಿ, ಅವರ ಕೈ, ಧನಿಗಳ ಕಣ್ಣು. ಫೀಸು ಬೇಡ. ಚೌಕಾಸಿಗೆ ಜಾಗವೇ ಇಲ್ಲದ ವ್ಯವಹಾರ, ನನಗೆ ಸ್ವಲ್ಪ ಬೇಸರವೇ ಆಯಿತು.

ಚೌಕಾಸಿ ಆದದ್ದು ಫರಂಗಿಪೇಟೆಯ ಮಾಂಸದ ಅಂಗಡಿಯಲ್ಲಿ. ಅಲ್ಲಿಯ ಬ್ಯಾರಿ, ಅಂದರೆ ನಮ್ಮ ಕರಾವಳಿಯ ಮುಸಲ್ಮಾನ, ಆಡಿನ ತಲೆಯನ್ನು ಒಂದೇ ಏಟಿಗೆ ಎರಡು ಹೋಳು ಮಾಡಿ ಮಾರುವವನು, ಅದು ಅವನ ಹೆಮ್ಮೆ. ಇಡೀ ತಲೆಗಳು, ಕುತ್ತಿಗೆಯ ಎಲುಬಿನ ಸಮೇತ, ಒಂದು ಏಟೂ ಬೀಳದೆ ಬೇಕು ಎಂದಾಗ ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. ಮಾಟ ಮಾಡಿಸ್ಲಿಕ್ಕಾ ಎಂದು ಕೇಳಿದ. ಮೊದಲು ನಾನು ಕಾಲುಗಳ ಬೆಲೆ ಕೇಳಿದೆ, ಮುಖ ಸೊಟ್ಟ ಮಾಡಿದೆ. ಉಳಿದದ್ದು ನಿಮಗೆ ಗೊತ್ತು.

ಡಾಕ್ಟರು ಮೆದುಳುಗಳನ್ನು ವಾರಗಟ್ಟಲೆ ಔಷಧದಲ್ಲಿಟ್ಟು, ಆಮೇಲೆ ಡಬ್ಬಿಗಳಲ್ಲಿ ಹಾಕಿ, ಬಾಯಿಗೆ ಬೆಸುಗೆ ಹಾಕಿಸಿ ಕೊಟ್ಟರು. ನಾನು ಅವನ್ನು ಕ್ಯಾಂಡಿಯ ತೊಟ್ಟಿಗೆ ತಾಗಿಸದೆ ಮೀನಿನ ಐಸಿನ ತೊಟ್ಟಿಯ ಮೂಲೆಯಲ್ಲಿ ಇಳಿಬಿಟ್ಟೆ. ಆದರೂ ದಿನಕ್ಕೆ ನಾಲ್ಕು ಸಲ ಹೋಗಿ ಆ ಮೂಲೆಯನ್ನು ನೋಡಿ ಬರುತ್ತಿದ್ದೆ. ವಿಷಯ ಹೊರಗೆ ಬಿದ್ದರೆ ಬಂಟ್ವಾಳದ ಒಂದು ಮಗುವೂ ನನ್ನ ಕ್ಯಾಂಡಿ ನೆಕ್ಕುವುದಿಲ್ಲ. ಕೆಲಸದವರು ಕೇಳಿದ್ದಕ್ಕೆ ಅದು ಹೊಸ ಮಾಲು, ಮುಟ್ಟಬೇಡಿ ಎಂದಿದ್ದೆ. ಮರುದಿನದಿಂದಲೇ ಪೇಟೆಯಲ್ಲಿ, ಏನೋ ಹೊಸ ಬಗೆಯ ಕ್ಯಾಂಡಿ ಬರಲಿಕ್ಕುಂಟಂತೆ, ಬೆಸುಗೆ ಹಾಕಿದ ಡಬ್ಬಿಯಲ್ಲಿ ಬೊಂಬಾಯಿಯಿಂದ ಬಂದದ್ದಂತೆ ಎಂದು ಸುದ್ದಿ. ಬೆಳ್ತಂಗಡಿಯ ಒಬ್ಬ ಹೋಟೆಲಿನವರು ಮುಂಗಡ ಕೊಡಲು ಬಂದರು. ಜೀವಮಾನದಲ್ಲಿ ನಾನು ಮುಂಗಡ ಬೇಡ ಎಂದದ್ದು ಅದೊಂದೇ ಸಲ.

ಡಬ್ಬಿ ಒಂದೊಂದಾಗಿ ಮೂಡುಬಿದಿರೆಗೆ ಹೋಯಿತು, ಜೊತೆಗೆ ನಾನೂ ದೂಮಪ್ಪನೂ. ಮೊದಲನೆಯದರಲ್ಲಿ ನೂಲು ಅರ್ಧದಲ್ಲೇ ಹರಿಯಿತು. ಎರಡನೆಯದನ್ನು ಹರಿದವನು ನಾನು; ನೋಡುವಾಗ ಸುಲಭ ಕಂಡಿತೆಂದು ಕಡ್ಡಿ ಇಸಿದುಕೊಂಡು ಎಳೆದೆ. ಆಗಲೇ ಡಾಕ್ಟರು ಕೇಳಿದ್ದು, ಮನೆಯಲ್ಲಿ ಬಾಳೆದಿಂಡು ಕೊಯ್ದು ಗೊತ್ತಿಲ್ವಾ ಎಂದು. ಅವರ ಉಪಕರಣ ಒಂದು ಬಿದಿರಿನ ಸೀಳು, ತುದಿ ಮೊಂಡು, ಉಜ್ಜಿ ಉಜ್ಜಿ ನುಣುಪು ಮಾಡಿದ್ದು. ಕಬ್ಬಿಣ ಕೊಯ್ಯುತ್ತದೆ, ಬಿದಿರು ಕೇಳಿಕೊಂಡು ಹೋಗುತ್ತದೆ ಎನ್ನುತ್ತಿದ್ದರು.

ಕೊನೆಯ ಡಬ್ಬಿಯ ದಿನ ಧನಿಗಳನ್ನು ಕರೆದುಕೊಂಡು ಬರುವ ಜವಾಬ್ದಾರಿ ನನ್ನದು. ಡಾಕ್ಟರು ಏನೋ ತೋರಿಸುತ್ತಾರಂತೆ, ಐದು ನಿಮಿಷ ಬಂದು ಹೋಗಿ ಎಂದು ಉಪಾಯದಿಂದ ಒಪ್ಪಿಸಿದೆ. ಬಿಳಿ ಪಂಚೆ ಎತ್ತಿ ಹಿಡಿದು ಅವರು ದವಾಖಾನೆಯ ಹೊಸ್ತಿಲವರೆಗೆ ಬಂದರು. ಒಳಗೆ ಮೇಜಿನ ಮೇಲೆ ಬೋಗುಣಿ.

"ಅದು ಎಂತದ್ದು?"

ಡಾಕ್ಟರು ಸರಳ ಮನುಷ್ಯ. ಆಡಿನ ಮೆದುಳು ಎಂದರು.

ಧನಿಗಳು ಇಟ್ಟ ಹೆಜ್ಜೆ ಹಿಂದೆ ತೆಗೆದರು. ಆ ಕ್ಷಣದಲ್ಲಿ ನನಗೆ ಹೊಳೆಯಿತು. ನೋಡಿ, ತಿಂಗಳುಗಟ್ಟಲೆ ತೊಟ್ಟಿ, ಡಬ್ಬಿ, ಬ್ಯಾರಿ, ಬೆಸುಗೆ ಎಲ್ಲವನ್ನೂ ಲೆಕ್ಕ ಹಾಕಿದ ಬುದ್ಧಿವಂತ ನಾನು. ಜೈನರೊಬ್ಬರನ್ನು ಸತ್ತ ಆಡಿನ ಮೆದುಳು ನೋಡಲು ಕರೆದಿದ್ದೇನೆ ಎಂಬುದು ಮಾತ್ರ ತಲೆಗೆ ಬಂದಿರಲಿಲ್ಲ.

"ಜೀವ ತೆಗೆದದ್ದನ್ನು ನಾನು ನೋಡುವುದಿಲ್ಲ. ನೋಡಿದರೆ ಇವತ್ತು ನನಗೆ ಊಟ ಇಲ್ಲ," ಎಂದು ಅವರು ಅಂಗಳದ ಕಡೆ ತಿರುಗಿದರು. ನಾನು ಏನೇನೋ ಹೇಳಿದೆ, ಒಂದೂ ತೂಗಲಿಲ್ಲ. ಇತ್ತ ಐಸು ಕರಗುತ್ತಿತ್ತು, ಡಾಕ್ಟರ ಕೈ ಕೆಲಸ ಶುರು ಮಾಡಿತ್ತು, ನಿಲ್ಲಿಸುವಂತಿರಲಿಲ್ಲ. ಆಗ ಗೋಡೆ ಹಿಡಿದು ನಿಂತಿದ್ದ ದೂಮಪ್ಪ ಬಾಯಿ ತೆರೆದ.

"ಧನಿಗಳು ನೋಡುವುದು ಬೇಡ. ಜಗಲಿಯಲ್ಲಿ ಕೂತುಕೊಳ್ಳಲಿ, ಈಚೆ ಬೆನ್ನು ಹಾಕಿ. ನಾನು ನೋಡಿ ಹೇಳ್ತೇನೆ."

ಧನಿಗಳು ಹೋಗಲೂ ಇಲ್ಲ, ಕೂರಲೂ ಇಲ್ಲ. ಸ್ವಲ್ಪ ಹೊತ್ತು ನಿಂತು, ಕೊನೆಗೆ ಜಗಲಿಯ ಕುರ್ಚಿಯನ್ನು ರಸ್ತೆಯ ಕಡೆ ತಿರುಗಿಸಿ ಕೂತರು. ದೂಮಪ್ಪ ಮೇಜಿಗೆ ಬಗ್ಗಿದ. ಇಷ್ಟು ದಿನ ಡಾಕ್ಟರ ಪಕ್ಕದಲ್ಲಿ ನಿಂತು ಅವನಿಗೆ ಆ ದಾರಿ ಬಾಯಿಪಾಠವಾಗಿತ್ತು. ಅವನು ಕರೆಯತೊಡಗಿದ. ಕರೆಯುವುದು ಎಂದೇ ಹೇಳಬೇಕು, ಬಸ್ಸಿನ ಫುಟ್‌ಬೋರ್ಡಿನಲ್ಲಿ ನಿಂತು ಕರೆಯುತ್ತಿದ್ದ ಅದೇ ಸ್ವರ.

"ಧನಿಗಳೇ, ಗಾಡಿ ಬೆನ್ನಿನಿಂದ ಹೊರಟು ಕಾಂಡಕ್ಕೆ ಬಂತು. ಇಲ್ಲಿ ಜಂಕ್ಷನ್. ಮೂರು ರಸ್ತೆ ಉಂಟು. ಮಧ್ಯದ್ದು ಅಗಲ, ಅದು ಆಚೆ ಬದಿಯಿಂದ ಬರುವವರಿಗೆ. ಮೇಲಿನದು ಹೆಚ್ಚಾಗಿ ವಾಪಸು ಹೋಗುವವರಿಗೆ. ನಮ್ಮ ರೂಟು ಕೆಳಗಿನದ್ದು. ರೈಟ್, ಪೋಯಿ."

ಪೋಯಿ ಎಂದರೆ ತುಳುವಿನಲ್ಲಿ ಹೋಗೋಣ. ಡಾಕ್ಟರ ಬಿದಿರು ಹೊರಟಿತು. ಒದ್ದೆ ಹತ್ತಿಯ ಹಾಗೆ ಬೆಳ್ಳಗಿನ ಎಳೆ ಮೆಲ್ಲ ಮೆಲ್ಲ ಮೇಲೇಳುತ್ತಿತ್ತು.

"ರಸ್ತೆ ಸಪೂರ ಉಂಟು. ಡಾಕ್ಟ್ರು ಫಸ್ಟ್ ಗೇರಿನಲ್ಲಿ ಇದ್ದಾರೆ. ಈಗ ಹೊರಕ್ಕೆ ಒಂದು ತಿರುವು. ಹೋಲ್ಡಾನ್. ಅಡ್ಡ ಒಂದು ಎಳೆ ಬಂತು. ಬದಿಗೆ ಸರಿಸಿದರು. ರೈಟ್. ಈಗ ಏರು. ಮಡಿಕೆ ಮಡಿಕೆ ಕಾಣ್ತದೆ, ಅದೇ ಕಿರುಮೆದುಳು."

ನಾನು ಧನಿಗಳನ್ನೇ ನೋಡುತ್ತಿದ್ದೆ. ಮೊದಲು ನೆಟ್ಟಗಿದ್ದ ಬೆನ್ನು ಸ್ವಲ್ಪ ಸ್ವಲ್ಪವೇ ಹಿಂದಕ್ಕೆ ವಾಲಿ, ಒಂದು ಕಿವಿ ಬಾಗಿಲ ಕಡೆ ತಿರುಗಿತ್ತು. ರೂಟು ಎಂಬುದು ಅವರಿಗೆ ಅರ್ಥವಾಗುವ ಭಾಷೆ.

"ನಿನ್ನದು ಎಲ್ಲಿ ಕೆಟ್ಟದ್ದು?" ಎಂದು ತಿರುಗದೆಯೇ ಕೇಳಿದರು.

"ಈ ಕೆಳಗಿನ ರಸ್ತೆಯಲ್ಲೇ ಎಲ್ಲೋ, ಎಡಬದಿಯದ್ದು. ಕಾಲಿನ ಸುದ್ದಿ ಇದರಲ್ಲಿ ಹೋಗುವುದು. ರಸ್ತೆ ಕೆಟ್ಟಿದೆ, ಧನಿಗಳೇ. ಡ್ರೈವರು ಕುಡಿದದ್ದಲ್ಲ."

ಡಾಕ್ಟರು ಕೆಲಸದಿಂದ ಕಣ್ಣೆತ್ತದೆ, ಅವನ ತಲೆಯೊಳಗೆ ನಾನು ಇಣುಕಿಲ್ಲ, ಇದು ಲಕ್ಷಣ ನೋಡಿ ಹೇಳುವ ಮಾತು, ಬೇಕಾದರೆ ಲಕ್ಷಣವನ್ನು ನೀವೇ ಪರೀಕ್ಷಿಸಿ, ಅದಕ್ಕೆ ಆಡು ಬೇಡ ಎಂದರು. ಬಿಡಿಸಿದ ಎಳೆ ಅಷ್ಟರಲ್ಲಿ ಕಿರುಮೆದುಳಿನ ಒಳಗೆ ಹರಡಿಕೊಂಡಿತ್ತು, ತುಂಡಾಗದೆ. ಅವರು ಬಿದಿರು ಕೆಳಗಿಟ್ಟು, ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ಅದನ್ನೇ ನೋಡುತ್ತ ಕೂತರು. ನಾವು ಯಾರೂ ಆಮೇಲೆ ಅವರಿಗೆ ಬೇಕಾಗಲಿಲ್ಲ.

ಧನಿಗಳು ಅಂಗಳಕ್ಕಿಳಿದು ದೂಮಪ್ಪನನ್ನು ನಡೆಸಿದರು. ಆಚೆಗೊಮ್ಮೆ, ಈಚೆಗೊಮ್ಮೆ, ತುಳಸಿಕಟ್ಟೆ ಇರಬೇಕಾದ ಜಾಗದಲ್ಲಿದ್ದ ಡಾಕ್ಟರ ಗುಲಾಬಿ ಗಿಡಗಳನ್ನು ಸುತ್ತಿಸಿ ಮತ್ತೊಮ್ಮೆ. ಪ್ರತಿ ಸಲವೂ ಎಡಕ್ಕೆ. ಒಮ್ಮೆಯೂ ಬಲಕ್ಕಿಲ್ಲ. ಧನಿಗಳಿಗೂ ಸಾಕಷ್ಟು ಕುಡುಕರನ್ನು ನೋಡಿ ಗೊತ್ತಿತ್ತು. ಸಾಕು ಎಂದು ಕೈ ತೋರಿಸಿದರು.

ಇಲ್ಲಿ ನನ್ನ ಕಸುಬು ಎಚ್ಚರವಾಯಿತು. ಫುಟ್‌ಬೋರ್ಡು ಇವನಿಗೆ ಇನ್ನು ಅಪಾಯ, ಅದನ್ನು ನಾನು ಕೇಳುವುದಿಲ್ಲ. ಬಂಟ್ವಾಳ ಸ್ಟ್ಯಾಂಡಿನಲ್ಲಿ ಬಸ್ಸಿನ ಸಮಯ ನೋಡಿ ಬಿಡುವ ಟೈಮ್‌ಕೀಪರನ ಕೆಲಸ ಕೂತು ಮಾಡುವಂಥದ್ದು, ಅದನ್ನು ಕೊಡಿ ಎಂದೆ. ಧನಿಗಳು ಆಗಲಿ ಎಂದುಬಿಟ್ಟರು. ಇಷ್ಟು ಬೇಗ ಒಪ್ಪಿದರಲ್ಲ, ಇನ್ನಷ್ಟು ಕೇಳಬಹುದಿತ್ತು ಎಂದು ನಾನು ಯೋಚಿಸುತ್ತಿರುವಾಗ ದೂಮಪ್ಪ ಬೇಡ ಎಂದ.

"ಕೆಲಸ ಆಮೇಲೆ ನೋಡುವ. ಕುಡುಕ ಅಂತ ಹೇಳಿದ್ದು ಸ್ಟ್ಯಾಂಡಿನಲ್ಲಿ. ಅಲ್ಲ ಅಂತ ಹೇಳುವುದು ಈ ಅಂಗಳದಲ್ಲಾದರೆ ಅದು ನನಗೆ ಬೇಡ."

ನಾನು ಅವನ ಕಾಲು ತುಳಿಯಲು ನೋಡಿದೆ. ಸಿಕ್ಕಿದ್ದನ್ನು ಜೇಬಿಗೆ ಹಾಕಿಕೊಂಡು ಆಮೇಲೆ ಹೆಚ್ಚು ಕೇಳಬೇಕು, ಇದು ಮೊದಲ ಪಾಠ. ಧನಿಗಳು ಕೊಡೆ ಬಿಚ್ಚಿಕೊಂಡು ಹೋದರು. ಸಿದ್ಧಕಟ್ಟೆಯ ದಾರಿಯಾಗಿ ಬಂಟ್ವಾಳಕ್ಕೆ ಬರುವಷ್ಟು ಹೊತ್ತೂ ನಾನು ದೂಮಪ್ಪನಿಗೆ ಬುದ್ಧಿ ಹೇಳಿದೆ. ಅವನು ಕಿಟಕಿಯ ಹೊರಗೆ ನೋಡುತ್ತಿದ್ದ.

ಮುಂದಿನ ಸೋಮವಾರ ಧನಿಗಳು ಬೆಳಗಿನ ಬಸ್ಸಿನಲ್ಲಿ ಬಂಟ್ವಾಳಕ್ಕೆ ಬಂದು ಇಳಿದರು, ಹೆಗಲಿನಲ್ಲಿ ಆ ಚರ್ಮದ ಚೀಲ. ಪೇಟೆಗೆ ಬಂದವರು, ಶಾಲೆಗೆ ಹೋಗುವವರು, ಹೂವಿನವರು, ಎಲ್ಲ ಸೇರುವ ಹೊತ್ತು. ದೂಮಪ್ಪನನ್ನು ಹೇಳಿ ಕಳಿಸಿ ಕರೆಸಿದರು. ಅವನು ಬಂದ, ಎಡಕ್ಕೆ ವಾಲುತ್ತ. ಜನ ನೋಡಿತು. ಧನಿಗಳು ಹೋಗಿ ಅವನ ಎಡಬದಿಗೆ ನಿಂತು ತೋಳು ಹಿಡಿದರು. ಸ್ಟ್ಯಾಂಡಿನ ಈ ತುದಿಯಿಂದ ಆ ತುದಿಗೆ ಇಬ್ಬರೂ ನಡೆದರು. ವಾಲಿದಾಗೆಲ್ಲ ಅವನ ಭಾರ ಅವರ ಬಿಳಿ ಅಂಗಿಯ ಮೇಲೆ. ಆ ತುದಿಯಲ್ಲಿ ನಿಂತು, ಹತ್ತಿರವಿದ್ದ ಡ್ರೈವರುಗಳಿಗೆ ಹೇಳಿದ ಹಾಗೆ, ಆದರೆ ಎಲ್ಲರಿಗೂ ಕೇಳುವ ಹಾಗೆ ಹೇಳಿದರು: "ಇವನಿಗೆ ಕಾಯಿಲೆ. ಕುಡಿತ ಅಂತ ಹೇಳಿದ್ದು ನಾನು. ಆ ಮಾತು ತಪ್ಪು." ಆಮೇಲೆ ಚೀಲವನ್ನು ಅವನ ಹೆಗಲಿಗೆ ಹಾಕಿದರು. ಟೈಮ್‌ಕೀಪರನಿಗೆ ಚೀಲ ಬೇಕಾಗುವುದಿಲ್ಲ. ದೂಮಪ್ಪ ಆ ಕೆಲಸದಲ್ಲಿದ್ದಷ್ಟು ವರ್ಷವೂ ಅದನ್ನು ಖಾಲಿಯಾಗಿಯೇ ಹಾಕಿಕೊಂಡು ಕೂರುತ್ತಿದ್ದ. ನನ್ನ ಪೆಟ್ಟಿಗೆ ಟಾಪಿಗೆ ಹೋಗುವುದು ಕಂಡರೆ ಕೂತಲ್ಲಿಂದಲೇ ಗದರುತ್ತಿದ್ದ.

ನಾನು ಎಷ್ಟೋ ವ್ಯಾಪಾರ ಕುದುರಿಸಿದವನು. ಅಂಗಳದಲ್ಲಿ ಸಿಕ್ಕಿದ್ದಕ್ಕೇ ಕೈ ಒಡ್ಡಿದ್ದರೆ ದೂಮಪ್ಪನಿಗೆ ಸಿಗುತ್ತಿದ್ದದ್ದು ಸಂಬಳ ಮಾತ್ರ. ಕೆಲವು ವಸ್ತುವಿಗೆ ಮೊದಲು ಹೇಳಿದ ಬೆಲೆಯೇ ಕೊನೆಯ ಬೆಲೆ, ಒಂದು ಬಿಡಿಗಾಸೂ ಇಳಿಯಬಾರದು. ಇದನ್ನು ಯಾರಿಗಾದರೂ ಹೇಳಿಕೊಡಿ ಎಂದರೆ ನನಗೆ ಬರುವುದಿಲ್ಲ, ಅವನನ್ನು ನೋಡಿದ್ದೇನೆ, ಅಷ್ಟೇ.

ಕಳೆದ ತಿಂಗಳು ನಂಟರ ಮನೆಗೆಂದು ಶಿರ್ತಾಡಿಗೆ ಹೋಗುವ ಬಸ್ಸು ಹತ್ತಿದ್ದೆ. ನಡುವೆ ಒಬ್ಬ ವಾಲಾಡುತ್ತ ಹತ್ತಿದ. ಮುಂದಿನ ಸೀಟಿನವರು ಕಾಲು ಚಾಚಿ ಜಾಗ ಮುಚ್ಚಿದರು, ಹಿಂದಿನವರು ಮೂಗು ಮುಚ್ಚಿದರು. ನಾನು ಅವನ ಹೆಜ್ಜೆಯನ್ನು ನೋಡಿದೆ. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ, ಸಂಶಯವೇ ಇಲ್ಲ. ಆದರೂ ಸರಿದು ಜಾಗ ಕೊಟ್ಟೆ. ಅವನು ಕೂತ ಕೂಡಲೇ ನನ್ನ ಹೆಗಲಿಗೆ ತಲೆ ಇಟ್ಟು ನಿದ್ದೆ ಹೋದ. ಕಂಡಕ್ಟರ್ ಹುಡುಗ ಟಿಕೆಟಿಗೆ ಬಂದು, ಇವನು ನಿಮ್ಮ ಜನವಾ ಅಜ್ಜ ಎಂದು ಕೇಳಿದ. ಹೌದು, ಶಿರ್ತಾಡಿಯಲ್ಲಿ ಎಬ್ಬಿಸು, ಇಬ್ಬರದ್ದೂ ಟಿಕೆಟ್ ಹರಿ ಎಂದೆ.